ಓದುಗರ ಪ್ರಶ್ನೆ, ನಮ್ಮ ಉತ್ತರ: ಅಂಶ ಸರಿ, ಛೇದ ಎಲ್ಲಿ?

ತಂತ್ರಜ್ಞಾನ, ವಿಜ್ಞಾನ, ಸರ್ಕಾರದ ನೀತಿ. ಈ ಮೂರರ ಬಗ್ಗೆ ಮನೆಯವರ ನಡುವೆ, ಸಹೋದ್ಯೋಗಿಗಳ ನಡುವೆ ನಡೆಯುವ ವಾಗ್ವಾದಗಳ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಎಲ್ಲವನ್ನೂ ಒಟ್ಟಿಗೆ ಓದಿದಾಗ ಒಂದೇ ದೋಷ ಮತ್ತೆ ಮತ್ತೆ ಕಣ್ಣಿಗೆ ಬಿತ್ತು: ಭಿನ್ನರಾಶಿಯ ಮೇಲಿರುವ ಸಂಖ್ಯೆಯನ್ನು ಎಲ್ಲರೂ ಗಟ್ಟಿಯಾಗಿ ಹೇಳುತ್ತಾರೆ, ಕೆಳಗಿರುವುದನ್ನು ಯಾರೂ ಹೇಳುವುದಿಲ್ಲ.

ಪ್ರಶ್ನೆ: ‘ಈ ಮಾತ್ರೆಯಿಂದ ಅಪಾಯ ದುಪ್ಪಟ್ಟು’, ‘ಆ ಆಹಾರದಿಂದ ಕ್ಯಾನ್ಸರ್ ಶೇ 18 ಹೆಚ್ಚು’ ಎಂಬ ಸುದ್ದಿ ಹಿಡಿದುಕೊಂಡು ನನ್ನ ತಮ್ಮ ವಾದಕ್ಕೆ ನಿಲ್ಲುತ್ತಾನೆ. ಸಂಖ್ಯೆ ಸುಳ್ಳಲ್ಲ ಎಂದು ಗೊತ್ತು. ಆದರೂ ಏನೋ ಸರಿಯಿಲ್ಲ ಅನಿಸುತ್ತದೆ. ಅವನನ್ನು ಏನು ಕೇಳಬೇಕು?

ಉತ್ತರ: ‘ಯಾವುದರ ದುಪ್ಪಟ್ಟು?’ ಎಂದು ಕೇಳಿ. 1995ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಹೊಸ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಮಾತು ನಿಜವೇ. ಆದರೆ ಹಳೆಯ ಮಾತ್ರೆ ನುಂಗುವ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಬರುತ್ತಿದ್ದದ್ದು ಹೊಸ ಮಾತ್ರೆಯಿಂದ ಇಬ್ಬರಿಗೆ ಬರುತ್ತಿತ್ತು, ಅಷ್ಟೆ. ಹೆದರಿದ ಸಾವಿರಾರು ಮಂದಿ ಮಾತ್ರೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂಬ ಅಂದಾಜಿದೆ. ಗರ್ಭ ಧರಿಸುವುದರಿಂದಲೂ ಹೆರಿಗೆಯಿಂದಲೂ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯ ಅಪಾಯಕ್ಕಿಂತ ಹೆಚ್ಚು ಎನ್ನುವುದು ಇದರಲ್ಲಿ ಎಲ್ಲಕ್ಕಿಂತ ನೋವಿನ ಸಂಗತಿ.

ಶೇ 18ರ ಲೆಕ್ಕವೂ ಹೀಗೆಯೇ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ 18ರಷ್ಟು ಏರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿತು. ಜೀವಮಾನದಲ್ಲಿ ಆ ರೋಗ 100ಕ್ಕೆ 5 ಜನರಿಗೆ ಬರುವ ಸಮುದಾಯವಿದ್ದರೆ, 5ರ ಶೇ 18 ಎಂದರೆ 0.9. ಅಂದರೆ 100ಕ್ಕೆ 5 ಇದ್ದದ್ದು ಸುಮಾರು 6 ಆಗುತ್ತದೆ. ಇದನ್ನು ಸಣ್ಣದೆಂದು ತಳ್ಳಿಹಾಕುವುದೂ ತಪ್ಪು. ಒಬ್ಬ ವ್ಯಕ್ತಿಗೆ ಅಲ್ಪವಾದದ್ದು ಕೋಟಿ ಜನರ ನೀತಿ ಮಾಡುವವರಿಗೆ ದೊಡ್ಡದು. ಹಾಗಾಗಿ ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿ: ‘ಶೇ 18 ಹೆಚ್ಚು, ಅಂದರೆ 100 ಜನರಲ್ಲಿ ಇನ್ನೊಬ್ಬರು.’ ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಪ್ರಶ್ನೆ: ಮೊಬೈಲ್ ಟವರ್ ವಿಕಿರಣ ‘ಕ್ಯಾನ್ಸರ್‌ಕಾರಕ ಪಟ್ಟಿ’ಯಲ್ಲಿದೆ ಎಂದು ನೆರೆಯವರು ಹೇಳುತ್ತಾರೆ. ಪಟ್ಟಿ ತೆರೆದು ನೋಡಿದೆ, ನಿಜವಾಗಿಯೂ ಇದೆ. ಈಗ ಏನು ಹೇಳಲಿ?

ಉತ್ತರ: ಮೊದಲು, ಅವರು ಹೇಳಿದ್ದು ನಿಜ ಎಂದು ಒಪ್ಪಿಕೊಳ್ಳಿ. ಮೇಲೆ ಹೇಳಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ 2011ರಲ್ಲಿ ಮೊಬೈಲ್ ಬಳಸುವಂಥ ರೇಡಿಯೊ ತರಂಗಗಳನ್ನು ‘2ಬಿ’ ಗುಂಪಿಗೆ, ಅಂದರೆ ‘ಪ್ರಾಯಶಃ ಇದ್ದರೂ ಇರಬಹುದು’ ಎಂಬ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಈ ಗುಂಪುಗಳು ಅಳೆಯುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ತಂಬಾಕೂ ಸಂಸ್ಕರಿತ ಮಾಂಸವೂ ಸಾಕ್ಷ್ಯ ಅತಿ ಗಟ್ಟಿಯಾಗಿರುವ ಒಂದನೇ ಗುಂಪಿನಲ್ಲೇ ಇವೆ. ಆದರೆ ಧೂಮಪಾನ ಶ್ವಾಸಕೋಶದ ಕ್ಯಾನ್ಸರ್ ಸಾಧ್ಯತೆಯನ್ನು 15ರಿಂದ 30 ಪಟ್ಟು ಏರಿಸುತ್ತದೆ, ಮಾಂಸದ ಲೆಕ್ಕ ಮೇಲೆ ನೋಡಿದಿರಿ.

ಮುಂದಿನದು ಭೌತಶಾಸ್ತ್ರ. ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಿ ಡಿಎನ್‌ಎಗೆ ನೇರ ಹಾನಿ ಮಾಡಲು ಒಂದು ಫೋಟಾನಿಗೆ, ಅಂದರೆ ವಿಕಿರಣದ ಒಂದು ಶಕ್ತಿಕಣಕ್ಕೆ, ಸುಮಾರು 10 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಬೇಕು. ನೀಲಿ ಬೆಳಕಿನ ಫೋಟಾನಿನಲ್ಲಿ ಇರುವುದು 3ರ ಆಸುಪಾಸು. 2 ಗಿಗಾಹರ್ಟ್ಸ್ ರೇಡಿಯೊ ಫೋಟಾನಿನಲ್ಲಿ 0.000008 ಮಾತ್ರ. ಟವರಿನ ಶಕ್ತಿ ಹೆಚ್ಚಿಸಿದರೆ ಇಂಥ ಫೋಟಾನುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಒಂದೊಂದರ ಬಲ ಹೆಚ್ಚುವುದಿಲ್ಲ. ಅವೆಲ್ಲ ಸೇರಿ ಮಾಡಬಲ್ಲ ಖಚಿತ ಕೆಲಸ ಬಿಸಿ ಮಾಡುವುದು, ಮೈಕ್ರೋವೇವ್ ಒಲೆಯ ಹಾಗೆ. ಅದಕ್ಕೇ ಸುರಕ್ಷತಾ ಮಿತಿಗಳನ್ನು ಬಿಸಿಯ ಆಧಾರದಲ್ಲಿ ಹಾಕಿದ್ದಾರೆ. ಇಡೀ ದೇಹ ಪ್ರತಿ ಕಿಲೋಗೆ 4 ವ್ಯಾಟ್ ಹೀರಿದರೆ ಮೈ ಬಿಸಿಯೇರಲು ತೊಡಗುತ್ತದೆ. ಅಂತರರಾಷ್ಟ್ರೀಯ ಮಾರ್ಗಸೂಚಿ ಸಾರ್ವಜನಿಕರಿಗೆ ಅದರ ಐವತ್ತರಲ್ಲಿ ಒಂದು ಪಾಲನ್ನು, ಅಂದರೆ 0.08 ವ್ಯಾಟನ್ನು, ಮಿತಿಯಾಗಿ ಇಟ್ಟಿದೆ.

ಈಗ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. 20 ವ್ಯಾಟಿನ ಆಂಟೆನಾ, ಒಂದೇ ದಿಕ್ಕಿಗೆ 50 ಪಟ್ಟು ಕೇಂದ್ರೀಕರಿಸುತ್ತದೆ ಎಂದುಕೊಳ್ಳಿ. ಆ ದಿಕ್ಕಿನಲ್ಲಿ ಅದು 1,000 ವ್ಯಾಟಿನಂತೆ ವರ್ತಿಸುತ್ತದೆ. 50 ಮೀಟರ್ ದೂರದಲ್ಲಿ ಅದು ಹರಡಿಕೊಳ್ಳುವ ಗೋಳದ ಮೇಲ್ಮೈ 4 × 3.14 × 50 × 50, ಅಂದರೆ 31,400 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ 0.032 ವ್ಯಾಟ್. 2 ಗಿಗಾಹರ್ಟ್ಸ್ ಆವರ್ತನದಲ್ಲಿ ಅದೇ ಮಾರ್ಗಸೂಚಿಯ ಮಿತಿ ಚದರ ಮೀಟರಿಗೆ 10 ವ್ಯಾಟ್. ಮಿತಿಯ ಮುನ್ನೂರರಲ್ಲಿ ಒಂದು ಪಾಲು ಸಿಕ್ಕಿತು. 100 ಮೀಟರಿಗೆ ಹೋದರೆ ಅದೂ ನಾಲ್ಕನೇ ಒಂದು ಭಾಗವಾಗುತ್ತದೆ. ಅದೇ ಆಂಟೆನಾದ ನೇರ ಎದುರಿಗೆ 2 ಮೀಟರಿನಲ್ಲಿ ನಿಂತರೆ ಸುಮಾರು 20 ವ್ಯಾಟ್, ಮಿತಿಯ ಎರಡು ಪಟ್ಟು. ಆದ್ದರಿಂದ ಟವರ್ ಹತ್ತಿ ದುರಸ್ತಿ ಮಾಡುವವರ ಸುರಕ್ಷತೆಯ ಪ್ರಶ್ನೆ ನಿಜವಾದ ಪ್ರಶ್ನೆ. ಅದನ್ನು ಯಾರೂ ಎತ್ತುವುದಿಲ್ಲ ಎನ್ನುವುದು ನಮ್ಮ ಕೊರಗು.

ಇನ್ನೊಂದು ಸಂಗತಿಯನ್ನು ನೆರೆಯವರಿಗೆ ತಪ್ಪದೆ ಹೇಳಿ. ಟವರ್ ದೂರವಾದಷ್ಟೂ ಕೈಯಲ್ಲಿರುವ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ. 4ಜಿ ಫೋನು ಗರಿಷ್ಠ 0.2 ವ್ಯಾಟ್ ಹೊರಸೂಸಬಲ್ಲದು, ಅದೂ ತಲೆಗೆ ಒತ್ತಿಕೊಂಡು. ವಿಕಿರಣ ಕಡಿಮೆ ಮಾಡಿಕೊಳ್ಳಬೇಕೆಂದು ಹತ್ತಿರದ ಟವರ್ ತೆಗೆಸಿದವರು ತಮ್ಮ ತಲೆಗೆ ತಗಲುವುದನ್ನು ಹೆಚ್ಚಿಸಿಕೊಂಡಿರುತ್ತಾರೆ. ಡೆನ್ಮಾರ್ಕಿನಲ್ಲಿ ಸುಮಾರು 4.2 ಲಕ್ಷ ಮೊಬೈಲ್ ಚಂದಾದಾರರನ್ನು ಕ್ಯಾನ್ಸರ್ ನೋಂದಣಿಯ ಜೊತೆ ತಾಳೆ ನೋಡಿದಾಗ ಮೆದುಳಿನ ಗಡ್ಡೆಗಳು ಹೆಚ್ಚಿದ್ದು ಕಾಣಲಿಲ್ಲ. ಇಷ್ಟಾದ ಮೇಲೂ ಚಿಂತೆ ಉಳಿದವರಿಗೆ ಇಯರ್‌ಫೋನ್ ಬಳಸಿ ಎನ್ನಿ. ಖರ್ಚಿಲ್ಲದ ಪರಿಹಾರ, ಭೌತಶಾಸ್ತ್ರವೂ ಅದರ ಪರವಾಗಿದೆ.

ಪ್ರಶ್ನೆ: ವಿದ್ಯುತ್ ಕಾರು ‘ಶೂನ್ಯ ಮಾಲಿನ್ಯ’ ಎಂದು ಒಬ್ಬರು, ‘ಕಲ್ಲಿದ್ದಲು ಕಾರು’ ಎಂದು ಇನ್ನೊಬ್ಬರು. ಇಬ್ಬರ ಬಳಿಯೂ ಅಧ್ಯಯನಗಳಿವೆ. ನಾವೇ ಲೆಕ್ಕ ಹಾಕಲು ಸಾಧ್ಯವೇ?

ಉತ್ತರ: ಸಾಧ್ಯ. ಐದು ಸಂಖ್ಯೆ ಸಾಕು, ಹತ್ತು ನಿಮಿಷದ ಕೆಲಸ.

ಪೆಟ್ರೋಲಿನಿಂದ ಶುರು ಮಾಡಿ. ಒಂದು ಲೀಟರ್ ಉರಿದರೆ 2.3 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ‘ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ 2.3 ಕೆ.ಜಿ. ಅನಿಲ ಹೇಗೆ ಬಂತು?’ ಎಂದು ಯಾರಾದರೂ ಇಲ್ಲಿ ತಡೆಯುತ್ತಾರೆ. ಗಾಳಿಯಿಂದ ಬಂತು. 12 ತೂಕದ ಇಂಗಾಲ 32 ತೂಕದ ಆಮ್ಲಜನಕವನ್ನು ಹಿಡಿದುಕೊಂಡು 44 ಆಗುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರು ಕಿಲೋಮೀಟರಿಗೆ 153 ಗ್ರಾಂ ಉಗುಳುತ್ತದೆ. ಕಚ್ಚಾ ತೈಲ ತೆಗೆದು, ಶುದ್ಧೀಕರಿಸಿ, ಸಾಗಿಸಲು ಇನ್ನೊಂದು ಶೇ 20 ಸೇರಿಸಿ: 184 ಗ್ರಾಂ.

ವಿದ್ಯುತ್ ಕಾರು ಕಿಲೋಮೀಟರಿಗೆ 0.15 ಯುನಿಟ್ ಬಳಸುತ್ತದೆ ಎನ್ನೋಣ. ಚಾರ್ಜಿಂಗ್‌ನಲ್ಲಿ ಆಗುವ ಸೋರಿಕೆ ಸೇರಿ 0.165. ಜಾಲದ (ಗ್ರಿಡ್) ವಿದ್ಯುತ್ ಯುನಿಟ್ಟಿಗೆ 700 ಗ್ರಾಂ ಇಂಗಾಲದ ಡೈ ಆಕ್ಸೈಡಿನದಾದರೆ ಕಿಲೋಮೀಟರಿಗೆ 116 ಗ್ರಾಂ. 300 ಗ್ರಾಮಿನದಾದರೆ 50 ಗ್ರಾಂ. ಪೂರಾ ಕಲ್ಲಿದ್ದಲಿನ 1,000 ಗ್ರಾಮಿನದಾದರೆ 165 ಗ್ರಾಂ.

ಇನ್ನು ಬ್ಯಾಟರಿಯ ಸಾಲ. ಒಂದು ಕಿಲೋವ್ಯಾಟ್-ಗಂಟೆಯ, ಅಂದರೆ ಒಂದು ಯುನಿಟ್ ಹಿಡಿಯುವ, ಬ್ಯಾಟರಿ ತಯಾರಿಸಲು 60ರಿಂದ 100 ಕೆ.ಜಿ. ಹೊರಸೂಸುವಿಕೆ ಎಂಬ ಅಂದಾಜುಗಳು ಸಾಮಾನ್ಯ. 75 ಎಂದು ಹಿಡಿದರೆ 40 ಕಿಲೋವ್ಯಾಟ್-ಗಂಟೆಯ ಬ್ಯಾಟರಿಗೆ 3,000 ಕೆ.ಜಿ. ಕಾರು ರಸ್ತೆಗಿಳಿಯುವ ಮೊದಲೇ ಹೊತ್ತಿರುವ ಸಾಲ ಇದು. ಪ್ರತಿ ಕಿಲೋಮೀಟರಿನ ಉಳಿತಾಯದಿಂದ ಭಾಗಿಸಿ. 700 ಗ್ರಾಮಿನ ಜಾಲದಲ್ಲಿ ಉಳಿತಾಯ 68 ಗ್ರಾಂ, ಸಾಲ ತೀರುವುದು ಸುಮಾರು 44,000 ಕಿ.ಮೀ.ನಲ್ಲಿ. 300 ಗ್ರಾಮಿನ ಜಾಲದಲ್ಲಿ ಸುಮಾರು 22,000 ಕಿ.ಮೀ. ಪೂರಾ ಕಲ್ಲಿದ್ದಲಿನಲ್ಲಿ ಉಳಿತಾಯ 19 ಗ್ರಾಂ ಮಾತ್ರ, ಸಾಲ ತೀರಲು ಸುಮಾರು 1,58,000 ಕಿ.ಮೀ. ಓಡಬೇಕು.

ಇಬ್ಬರ ಬಳಿಯೂ ಅಧ್ಯಯನಗಳು ಇರುವುದು ಹೇಗೆ ಎಂದು ಈಗ ತಿಳಿಯಿತಲ್ಲ. ಬಹುತೇಕ ಅಧ್ಯಯನಗಳು ಜಗಳವಾಡುವುದು ಉತ್ತರದ ಬಗ್ಗೆಯಲ್ಲ, ಒಳಗೆ ಹಾಕಿದ ಸಂಖ್ಯೆಗಳ ಬಗ್ಗೆ. ಕಾರಿನ ವಿರುದ್ಧ ವಾದಿಸುವವರು ಬ್ಯಾಟರಿ ದೊಡ್ಡದು, ಕಾರಿನ ಆಯುಸ್ಸು 1 ಲಕ್ಷ ಕಿ.ಮೀ., ಜಾಲ ಮುಂದೆಂದೂ ಬದಲಾಗದು ಎಂದು ಹಿಡಿದಿರುತ್ತಾರೆ. ತೈಲ ಶುದ್ಧೀಕರಣದ ಶೇ 20 ಮರೆತಿರುತ್ತಾರೆ. ಪರ ವಾದಿಸುವವರು ಸಣ್ಣ ವಿದ್ಯುತ್ ಕಾರನ್ನು ದೊಡ್ಡ ಪೆಟ್ರೋಲ್ ಕಾರಿನ ಪಕ್ಕ ನಿಲ್ಲಿಸಿರುತ್ತಾರೆ, ಬ್ಯಾಟರಿಯ ಸಾಲವನ್ನು ಬಿಟ್ಟಿರುತ್ತಾರೆ. ಎದುರಿನವರ ಅಧ್ಯಯನ ಕೈಗೆ ಬಂದ ಕೂಡಲೇ ಈ ಐದನ್ನು ಹುಡುಕಿ: ಜಾಲದ ಗ್ರಾಂ, ಬ್ಯಾಟರಿ ಗಾತ್ರ, ಪ್ರತಿ ಕಿಲೋವ್ಯಾಟ್-ಗಂಟೆಯ ತಯಾರಿಕಾ ಹೊರೆ, ಹೋಲಿಕೆಗೆ ತಂದ ಪೆಟ್ರೋಲ್ ಕಾರಿನ ಮೈಲೇಜು, ಒಟ್ಟು ಓಟ. ಮೇಲಿನ ನಮ್ಮ ಸಂಖ್ಯೆಗಳೂ ಉದಾಹರಣೆಗಷ್ಟೆ, ನಿಮ್ಮವನ್ನು ಹಾಕಿ ನೋಡಿ.

ಪ್ರಶ್ನೆ: 1,000 ಮೆಗಾವ್ಯಾಟ್ ಸೌರ ಸ್ಥಾವರ 1,000 ಮೆಗಾವ್ಯಾಟ್ ಅಣುಸ್ಥಾವರಕ್ಕೆ ಸಮ ತಾನೆ?

ಉತ್ತರ: ಅಲ್ಲ. ಮೆಗಾವ್ಯಾಟ್ ಎಂದರೆ ವೇಗ, ಯುನಿಟ್ ಎಂದರೆ ಕ್ರಮಿಸಿದ ದೂರ. ವರ್ಷದ 8,760 ಗಂಟೆಯೂ ಪೂರ್ತಿ ಓಡಿದರೆ 1,000 ಮೆಗಾವ್ಯಾಟ್ 876 ಕೋಟಿ ಯುನಿಟ್ ಕೊಡುತ್ತದೆ. ಶೇ 90ರಷ್ಟು ಓಡುವ ಅಣುಸ್ಥಾವರ ಸುಮಾರು 788 ಕೋಟಿ ಕೊಟ್ಟರೆ, ಶೇ 20ರಷ್ಟು ಓಡುವ ಸೌರ ಸ್ಥಾವರ 175 ಕೋಟಿ ಕೊಡುತ್ತದೆ. ಹಾಗೆಂದು ಸೌರ ಸೋತಿತು ಎಂದೂ ಅಲ್ಲ. ಒಂದು ಯುನಿಟ್ಟಿನ ಖರ್ಚೆಷ್ಟು, ಬೇಕಾದ ಹೊತ್ತಿಗೆ ಸಿಗುತ್ತದೆಯೇ, ಕಟ್ಟಲು ಎಷ್ಟು ವರ್ಷ ಎನ್ನುವುದು ಬೇರೆಯೇ ಲೆಕ್ಕ.

ಪ್ರಶ್ನೆ: ‘ಶೇ 99 ನಿಖರ’ ಎನ್ನುವ ಮುಖ ಗುರುತಿಸುವ ಕ್ಯಾಮೆರಾಗಳನ್ನು ನಿಲ್ದಾಣಗಳಲ್ಲಿ ಹಾಕಬೇಕೆಂದು ಗೆಳೆಯ ವಾದಿಸುತ್ತಾನೆ. ತಪ್ಪು ಮಾಡದವರಿಗೇನು ಭಯ ಎಂಬುದು ಅವನ ಪ್ರಶ್ನೆ.

ಉತ್ತರ: ಅವನ ಪರವಾಗಿ ಇನ್ನೂ ಉದಾರವಾಗಿಯೇ ಲೆಕ್ಕ ಮಾಡೋಣ. ಬೇಕಾದ ವ್ಯಕ್ತಿ ಎದುರಾದರೆ ಯಂತ್ರ ಶೇ 99 ಸಲ ಹಿಡಿಯುತ್ತದೆ. ಬೇರೆಯವರನ್ನು ತಪ್ಪಾಗಿ ಹಿಡಿಯುವುದು 1,000ಕ್ಕೆ ಒಮ್ಮೆ ಮಾತ್ರ. ದಿನಕ್ಕೆ 1 ಲಕ್ಷ ಜನ ಹಾದುಹೋಗುವ ನಿಲ್ದಾಣ, ಅವರಲ್ಲಿ ಪೊಲೀಸರಿಗೆ ಬೇಕಾದವರು 10 ಮಂದಿ. ಯಂತ್ರ ಆ ಹತ್ತನ್ನೂ ಹಿಡಿಯಬಹುದು. ಉಳಿದ 99,990 ಜನರಲ್ಲಿ ಸುಮಾರು 100 ಅಮಾಯಕರನ್ನೂ ಹಿಡಿಯುತ್ತದೆ. ಒಟ್ಟು 110 ಸಲ ಗಂಟೆ ಬಾರಿಸಿದರೆ ಅದರಲ್ಲಿ 100 ಸುಳ್ಳು. ತಿಂಗಳಿಗೆ ಮೂರು ಸಾವಿರ ‘ತಪ್ಪು ಮಾಡದವರನ್ನು’ ತಡೆದು ನಿಲ್ಲಿಸಿದಂತಾಗುತ್ತದೆ.

ಹುಡುಕುವ ವಸ್ತು ವಿರಳವಾದಷ್ಟೂ ಸುಳ್ಳು ಗಂಟೆಗಳ ಪಾಲು ಹೆಚ್ಚುತ್ತದೆ. ಯಂತ್ರ ಕೆಟ್ಟದ್ದೆಂದಲ್ಲ, ಅಂಕಗಣಿತವೇ ಹಾಗೆ. ರೋಗಪತ್ತೆ ಪರೀಕ್ಷೆ, ಭಯೋತ್ಪಾದಕರ ಪಟ್ಟಿ, ನಕಲು ಪತ್ತೆ ತಂತ್ರಾಂಶ, ಎಲ್ಲಕ್ಕೂ ಇದೇ ಲೆಕ್ಕ. ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎನ್ನುವುದೂ ಸೇರಿಕೊಳ್ಳುತ್ತದೆ: ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2019ರಲ್ಲಿ ಪರೀಕ್ಷಿಸಿದ ಹಲವು ತಂತ್ರಾಂಶಗಳಲ್ಲಿ ಜನಾಂಗದಿಂದ ಜನಾಂಗಕ್ಕೆ ತಪ್ಪು ಗುರುತಿನ ದರ 10ರಿಂದ 100 ಪಟ್ಟು ಬದಲಾಗುತ್ತಿತ್ತು. ಗೆಳೆಯನನ್ನು ಕೇಳಬೇಕಾದದ್ದು ಒಂದೇ: ಗಂಟೆ ಬಾರಿಸಿದ ಮೇಲೆ ಏನು ಮಾಡುತ್ತಾರೆ? ಮನುಷ್ಯರೊಬ್ಬರು ಚಿತ್ರಗಳನ್ನು ತಾಳೆ ನೋಡುತ್ತಾರೋ, ನೇರ ಬಂಧಿಸುತ್ತಾರೋ? ನೀತಿಯ ಒಳ್ಳೆಯದು ಕೆಟ್ಟದ್ದು ಅಲ್ಲಿ ತೀರ್ಮಾನವಾಗುತ್ತದೆ.

ಪ್ರಶ್ನೆ: ಅಪರಾಧಿಗಳ ಸಂದೇಶ ಓದಲು ಸರ್ಕಾರಕ್ಕೆ ಮಾತ್ರ ಒಂದು ಗುಪ್ತ ಕೀಲಿ ಕೊಟ್ಟರೆ ಏನು ತಪ್ಪು?

ಉತ್ತರ: ‘ಮಾತ್ರ’ ಎಂಬ ಪದವೇ ತೊಡಕು. ಗಣಿತಕ್ಕೆ ಕೀಲಿ ಗೊತ್ತು, ಕೀಲಿ ಹಿಡಿದವರು ಯಾರೆಂದು ಗೊತ್ತಿಲ್ಲ. ಅಮೆರಿಕ ಸರ್ಕಾರ 1993ರಲ್ಲಿ ‘ಕ್ಲಿಪ್ಪರ್’ ಎಂಬ ಚಿಪ್ ಮುಂದಿಟ್ಟಿತು. ಸಂಭಾಷಣೆ ಗುಪ್ತವಾಗಿರುತ್ತದೆ, ಕೀಲಿಯ ಪ್ರತಿ ಮಾತ್ರ ಸರ್ಕಾರಿ ಸಂಸ್ಥೆಗಳ ಬಳಿ ಇರುತ್ತದೆ ಎಂಬ ಏರ್ಪಾಡು. ಮರುವರ್ಷವೇ ಮ್ಯಾಟ್ ಬ್ಲೇಜ್ ಎಂಬ ಸಂಶೋಧಕರು ಸರ್ಕಾರಕ್ಕೆಂದು ಸಂದೇಶದ ಜೊತೆ ಹೋಗುವ ಕೀಲಿಯ ಮಾಹಿತಿ ಅಸಲಿಯೇ ಎಂದು ನೋಡುವ ಅದರ ತಪಾಸಣಾ ಸಂಕೇತ ಬರೀ 16 ಬಿಟ್‌ನದು, ಅಂದರೆ 65,536 ಸಾಧ್ಯತೆಗಳಷ್ಟೇ, ಪ್ರಯತ್ನಿಸುತ್ತ ಹೋದರೆ ಸರ್ಕಾರದ ಕಣ್ಣು ತಪ್ಪಿಸಿಯೂ ಚಿಪ್ ಬಳಸಬಹುದು ಎಂದು ತೋರಿಸಿದರು. ಗ್ರೀಸ್‌ನಲ್ಲಿ ನಡೆದದ್ದು ಇನ್ನೂ ಗಂಭೀರ. ಕಾನೂನುಬದ್ಧ ಕದ್ದಾಲಿಕೆಗೆಂದು ಮೊಬೈಲ್ ವಿನಿಮಯ ಕೇಂದ್ರದಲ್ಲಿದ್ದ ಸೌಲಭ್ಯವನ್ನೇ ಅಪರಿಚಿತರು ಚಾಲೂ ಮಾಡಿಕೊಂಡು, 2004ರಿಂದ 2005ರವರೆಗೆ ಪ್ರಧಾನಿಯೂ ಸೇರಿ ನೂರಕ್ಕೂ ಹೆಚ್ಚು ಜನರ ಫೋನುಗಳನ್ನು ಆಲಿಸಿದರು.

ಪೊಲೀಸರ ಕಷ್ಟ ಸುಳ್ಳಲ್ಲ, ಅದನ್ನು ಅಲ್ಲಗಳೆದು ವಾದ ಗೆಲ್ಲಲು ಹೋಗಬೇಡಿ. ನ್ಯಾಯಾಲಯದ ಆದೇಶದ ಮೇಲೆ ನಿರ್ದಿಷ್ಟ ಫೋನನ್ನು ವಶಪಡಿಸಿಕೊಂಡು ತೆರೆಯುವುದಕ್ಕೂ, ಕೋಟ್ಯಂತರ ಫೋನುಗಳಲ್ಲಿ ಒಂದೇ ದೌರ್ಬಲ್ಯ ಹುದುಗಿಸುವುದಕ್ಕೂ ವ್ಯತ್ಯಾಸವಿದೆ ಎಂದು ತೋರಿಸಿ. ಮೊದಲನೆಯದರಲ್ಲಿ ತಪ್ಪಾದರೆ ಹಾನಿ ಒಬ್ಬರಿಗೆ. ಎರಡನೆಯದರಲ್ಲಿ ಕೀಲಿಯ ಭಂಡಾರ ಒಮ್ಮೆ ಕಳುವಾದರೆ ಎಲ್ಲರಿಗೂ. ಬುದ್ಧಿವಂತ ಅಪರಾಧಿಯಂತೂ ಮುಕ್ತವಾಗಿ ಸಿಗುವ ಬೇರೆ ಗೂಢಲಿಪಿ ತಂತ್ರಾಂಶಕ್ಕೆ ಆಗಲೇ ಹೋಗಿರುತ್ತಾನೆ.

ಪ್ರಶ್ನೆ: ‘ಇಷ್ಟು ಜನರ ಮೇಲೆ ಪ್ರಯೋಗಿಸಿದೆವು, ಒಂದೂ ತೊಂದರೆ ಕಾಣಲಿಲ್ಲ’ ಎಂದರೆ ಸುರಕ್ಷಿತ ಎಂದೇ ಅರ್ಥವಲ್ಲವೇ?

ಉತ್ತರ: ‘ಇಷ್ಟು’ ಎಂದರೆ ಎಷ್ಟು ಎನ್ನುವುದರ ಮೇಲೆ ನಿಂತಿದೆ. ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂಬ ಸುಲಭ ಸೂತ್ರವಿದೆ: ಒಂದೂ ತೊಂದರೆ ಕಾಣದಿದ್ದರೆ, 3ನ್ನು ಪರೀಕ್ಷಿಸಿದವರ ಸಂಖ್ಯೆಯಿಂದ ಭಾಗಿಸಿ. ನಿಜವಾದ ದರ ಅದಕ್ಕಿಂತ ಕಡಿಮೆ ಎಂದು ಶೇ 95 ವಿಶ್ವಾಸದಿಂದ ಹೇಳಬಹುದು, ಅದಕ್ಕಿಂತ ಹೆಚ್ಚೇನನ್ನೂ ಹೇಳಲಾಗದು. 100 ಜನರಲ್ಲಿ ಕಾಣದಿದ್ದರೆ, ತೊಂದರೆ 100ಕ್ಕೆ 3ರವರೆಗೂ ಇರಬಹುದು. 30,000 ಜನರಲ್ಲಿ ಕಾಣದಿದ್ದರೆ 10,000ಕ್ಕೆ 1ರವರೆಗೂ. ಲಕ್ಷಕ್ಕೊಬ್ಬರಿಗೆ ಬರುವ ಅಡ್ಡಪರಿಣಾಮ ಔಷಧ ಮಾರುಕಟ್ಟೆಗೆ ಬಂದ ಮೇಲೆಯೇ ಬಯಲಾಗುವುದು ಇದಕ್ಕೇ. ಅದು ಯಾರೋ ಮುಚ್ಚಿಟ್ಟದ್ದೇ ಆಗಿರಬೇಕೆಂದಿಲ್ಲ.

ಚಾಲಕರಿಲ್ಲದ ಕಾರುಗಳ ವಾದಕ್ಕೂ ಇದು ಬೇಕು. ಅಮೆರಿಕದ ರಸ್ತೆಗಳಲ್ಲಿ ಮನುಷ್ಯ ಚಾಲಕರ ಲೆಕ್ಕ 10 ಕೋಟಿ ಮೈಲಿಗೆ ಸುಮಾರು 1.09 ಸಾವು ಎಂದು ಹಿಡಿದು ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕ ಮಾಡಿತು. ಯಂತ್ರ ಅಷ್ಟೇ ಸುರಕ್ಷಿತ ಎಂದು ತೋರಿಸಲು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ, ಅಂದರೆ ಸುಮಾರು 44 ಕೋಟಿ ಕಿ.ಮೀ., ಓಡಬೇಕು. ನೂರು ಕಾರುಗಳು ಗಂಟೆಗೆ 40 ಕಿ.ಮೀ.ನಂತೆ ಹಗಲೂ ರಾತ್ರಿ ಓಡಿದರೆ ಹನ್ನೆರಡೂವರೆ ವರ್ಷ. ‘ಲಕ್ಷಾಂತರ ಕಿಲೋಮೀಟರ್ ಓಡಿಸಿದ್ದೇವೆ’ ಎಂಬ ಮಾತು ಕಿವಿಗೆ ದೊಡ್ಡದು, ಸಾವಿನ ದರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಪ್ರಶ್ನೆ: ಎದುರಿನವರು ಒಂದು ಸಂಶೋಧನಾ ಪ್ರಬಂಧ ಮುಂದಿಟ್ಟು ‘ಓದು, ಆಮೇಲೆ ಮಾತಾಡು’ ಎನ್ನುತ್ತಾರೆ. ನಾನು ವಿಜ್ಞಾನಿಯಲ್ಲ. ಎಲ್ಲಿಂದ ಓದಲಿ?

ಉತ್ತರ: ಸಾರಾಂಶ ಬಿಟ್ಟು ಕೋಷ್ಟಕದಿಂದ ಶುರು ಮಾಡಿ. ಎಷ್ಟು ಜನ, ಯಾರ ಜೊತೆ ಹೋಲಿಸಿದರು, ಆ ಎರಡು ಗುಂಪುಗಳು ವಯಸ್ಸು ಆದಾಯಗಳಲ್ಲಿ ಒಂದೇ ಬಗೆಯವೇ? ಇಲಿಗಳ ಮೇಲೆ ಮಾಡಿದ್ದೋ ಮನುಷ್ಯರ ಮೇಲೋ? ಆಮೇಲೆ ಫಲಿತಾಂಶದ ಪಕ್ಕದ ಆವರಣ ನೋಡಿ. 1 ಎಂದರೆ ವ್ಯತ್ಯಾಸವೇ ಇಲ್ಲ. ‘1.2 (0.9–1.6)’ ಎಂದಿದ್ದರೆ, ಅಪಾಯ ಶೇ 10 ಇಳಿದಿರಲೂಬಹುದು, ಶೇ 60 ಏರಿರಲೂಬಹುದು ಎಂದು ಲೇಖಕರೇ ಒಪ್ಪಿಕೊಂಡಂತೆ. ಎಷ್ಟು ಸಂಗತಿಗಳನ್ನು ಅಳೆದರು ಎಂದು ಎಣಿಸಿ. ಶೇ 5ರ ಮಾನದಂಡದಲ್ಲಿ, ಅಂದರೆ ಬರೀ ಆಕಸ್ಮಿಕವೂ 100ಕ್ಕೆ 5 ಸಲ ‘ಗಮನಾರ್ಹ’ ಎನಿಸುವ ಗಡಿಯಲ್ಲಿ, ಪರಸ್ಪರ ಸಂಬಂಧವಿಲ್ಲದ 20 ಸಂಗತಿ ಪರೀಕ್ಷಿಸಿದರೆ, ಏನೂ ಇಲ್ಲದಿದ್ದರೂ ಒಂದಾದರೂ ‘ಗಮನಾರ್ಹ’ ಎಂದು ಕಾಣುವ ಸಾಧ್ಯತೆ ಶೇ 64. ಏನನ್ನು ಅಳೆಯುತ್ತೇವೆಂದು ಪ್ರಯೋಗಕ್ಕೆ ಮೊದಲೇ ನೋಂದಾಯಿಸಿದ್ದರೆ ಆ ಪ್ರಬಂಧದ ಮೇಲೆ ನಂಬಿಕೆ ಹೆಚ್ಚಿಸಿಕೊಳ್ಳಿ.

ಕೊನೆಗೆ, ಒಂಟಿ ಪ್ರಬಂಧವನ್ನು ಒಂಟಿಯಾಗಿಯೇ ಬಿಡಬೇಡಿ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ, ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 1998ರ ಪ್ರಬಂಧದಲ್ಲಿ ಇದ್ದದ್ದು 12 ಮಕ್ಕಳು, ಹೋಲಿಕೆಯ ಗುಂಪೇ ಇರಲಿಲ್ಲ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ 6,57,461 ಮಕ್ಕಳನ್ನು ಹಿಂಬಾಲಿಸಿತು, ನಂಟು ಸಿಗಲಿಲ್ಲ. 12 ಎಲ್ಲಿ, ಆರೂವರೆ ಲಕ್ಷ ಎಲ್ಲಿ. ಪ್ರಬಂಧದ ಹೆಸರಿನ ಜೊತೆ ‘ಹಿಂಪಡೆತ’ ಎಂಬ ಪದದ ಇಂಗ್ಲಿಷ್ ರೂಪ ‘retraction’ ಸೇರಿಸಿ ಹುಡುಕುವುದಕ್ಕೆ ಅರ್ಧ ನಿಮಿಷವೂ ಬೇಡ, ಮೊದಲು ಅದನ್ನು ಮಾಡಿ.

ಪ್ರಶ್ನೆ: ಹಾನಿ ಸಾಬೀತಾಗುವವರೆಗೆ ಯಾವುದನ್ನೂ ನಿಷೇಧಿಸಬಾರದು ಎನ್ನುತ್ತೇನೆ ನಾನು. ಸುರಕ್ಷಿತವೆಂದು ಸಾಬೀತಾಗುವವರೆಗೆ ಬಿಡಬಾರದು ಎನ್ನುತ್ತಾಳೆ ಅಕ್ಕ. ಯಾರು ಸರಿ?

ಉತ್ತರ: ನಿಮ್ಮ ತತ್ತ್ವವನ್ನು ಕಟ್ಟುನಿಟ್ಟಾಗಿ ಪಾಲಿಸಿದ ಕಥೆ ಸೀಸದ ಪೆಟ್ರೋಲಿನದು. 1923ರಲ್ಲಿ ಮಾರಾಟ ಶುರುವಾಯಿತು, ಮರುವರ್ಷವೇ ಕಾರ್ಖಾನೆಯ ಕಾರ್ಮಿಕರು ಸೀಸದ ವಿಷಕ್ಕೆ ಸತ್ತರು. ‘ಸಾರ್ವಜನಿಕರಿಗೆ ಹಾನಿ ಎಂಬುದಕ್ಕೆ ಪುರಾವೆ ತೋರಿಸಿ’ ಎನ್ನುತ್ತ ಉದ್ಯಮ ದಶಕಗಳನ್ನು ಕಳೆಯಿತು. ಎಲ್ಲರ ರಕ್ತದಲ್ಲೂ ಸೀಸವಿದೆ, ಆದ್ದರಿಂದ ಅದು ಸಹಜ ಎಂಬ ವಾದವೂ ನಡೆಯಿತು. 1965ರಲ್ಲಿ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ಎಲ್ಲರಲ್ಲೂ ಇರುವುದು ಬೇರೆ, ಸಹಜವಾದದ್ದು ಬೇರೆ, ಆಧುನಿಕ ಮನುಷ್ಯರ ಮೈಯಲ್ಲಿನ ಸೀಸ ಸಹಜ ಮಟ್ಟಕ್ಕಿಂತ ಸುಮಾರು ನೂರು ಪಟ್ಟು ಎಂದು ವಾದಿಸಿದರು. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ಹಾಗಾದರೆ ಅಕ್ಕ ಗೆದ್ದರೇ? ಎಚ್ಚರಿಕೆಗೂ ಬೆಲೆಯಿದೆ. ಜಪಾನಿನ ಫುಕುಶಿಮಾ ಅಣುಸ್ಥಾವರದ 2011ರ ಅಪಘಾತದ ನಂತರ ವಿಕಿರಣಕ್ಕೆ ಹೆದರಿ ಆಸ್ಪತ್ರೆ, ವೃದ್ಧಾಶ್ರಮಗಳನ್ನೂ ಬಿಡದೆ ಜನರನ್ನು ತೆರವು ಮಾಡಿದರು. ಸ್ಥಳಾಂತರದ ಆಘಾತ, ಚಿಕಿತ್ಸೆಯಲ್ಲಿನ ವಿರಾಮ, ದೀರ್ಘಕಾಲದ ಒತ್ತಡ ಮುಂತಾದ ಕಾರಣಗಳಿಂದಾದ 2,000ಕ್ಕೂ ಹೆಚ್ಚು ಸಾವುಗಳನ್ನು ಆ ಪ್ರಾಂತ್ಯದಲ್ಲಿ ವಿಪತ್ತು ಸಂಬಂಧಿತ ಎಂದು ಅಧಿಕೃತವಾಗಿ ಗುರುತಿಸಲಾಗಿದೆ. ತೀವ್ರ ವಿಕಿರಣದಿಂದ ಜನಸಾಮಾನ್ಯರಲ್ಲಿ ಯಾರೂ ಸಾಯಲಿಲ್ಲ.

ಆದ್ದರಿಂದ ತತ್ತ್ವದ ಮಟ್ಟದಲ್ಲಿ ಜಗಳ ಬಿಡಿ, ವಸ್ತುವಿನಿಂದ ವಸ್ತುವಿಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾವು ತಪ್ಪಿದರೆ ಅದನ್ನು ಹಿಂದಕ್ಕೆ ತಿರುಗಿಸಬಹುದೇ? ಇದಕ್ಕೆ ಬದಲಿ ಇದೆಯೇ? ಮಣ್ಣಿಗಿಳಿದ ಸೀಸವನ್ನು ಹೆಕ್ಕಿ ತೆಗೆಯಲಾಗದು, ಬದಲಿ ಇಂಧನಗಳಿದ್ದವು. ಅಲ್ಲಿ ಅಕ್ಕ ಸರಿ. ತಪ್ಪಾದರೆ ನಾಳೆಯೇ ನಿಲ್ಲಿಸಬಹುದಾದ ತಂತ್ರಾಂಶಕ್ಕೆ, ತಡಮಾಡಿದರೆ ಜೀವ ಹೋಗುವ ಔಷಧಕ್ಕೆ ನಿಮ್ಮ ಮಾತಿಗೆ ತೂಕ ಹೆಚ್ಚು.

ಪ್ರಶ್ನೆ: ಓಜೋನ್ ತೂತು ಎಂದು ಹೆದರಿಸಿದರು, ಏನಾಯಿತು? ವಿಜ್ಞಾನಿಗಳ ಭವಿಷ್ಯವಾಣಿಗಳೆಲ್ಲ ಸುಳ್ಳು ಎನ್ನುವವರಿಗೆ ಉತ್ತರವೇನು?

ಉತ್ತರ: ಎಚ್ಚರಿಕೆಯಲ್ಲಿ ‘ಏನೂ ಮಾಡದಿದ್ದರೆ’ ಎಂಬ ಮಾತಿತ್ತೇ ನೋಡಿ. ಫ್ರಿಜ್‌, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಜೋನನ್ನು ತಿನ್ನುತ್ತವೆ ಎಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ತೂತು ವರದಿಯಾಯಿತು. 1987ರ ಮಾಂಟ್ರಿಯಲ್ ಒಪ್ಪಂದ ಆ ಅನಿಲಗಳನ್ನು ಹಂತಹಂತವಾಗಿ ನಿಲ್ಲಿಸಿತು. ಅಂಟಾರ್ಕ್ಟಿಕಾದ ಓಜೋನ್ 2066ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳುತ್ತದೆಂಬುದು ಈಗಿನ ಅಂದಾಜು. ಏನೂ ಆಗಲಿಲ್ಲ, ಯಾಕೆಂದರೆ ಮಾಡಬೇಕಾದದ್ದನ್ನು ಮಾಡಿದರು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ, ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ: 1968ರಲ್ಲಿ ಅಮೆರಿಕದ ಜೀವವಿಜ್ಞಾನಿಯೊಬ್ಬರು, ಈಗ ಏನೇ ಮಾಡಿದರೂ 1970ರ ದಶಕದಲ್ಲಿ ಕೋಟ್ಯಂತರ ಜನ ಹಸಿವಿನಿಂದ ಸಾಯುತ್ತಾರೆ ಎಂದರು. ಅದಕ್ಕೆ ಷರತ್ತೇ ಇರಲಿಲ್ಲ, ಅದು ಸೋತ ಭವಿಷ್ಯವಾಣಿ.

ಪ್ರಶ್ನೆ: ಹವಾಮಾನ ಬದಲಾವಣೆಯ ಎಲ್ಲ ಅಂಕಿ-ಅಂಶಗಳನ್ನೂ ಒಪ್ಪುವ ಇಬ್ಬರು ಅರ್ಥಶಾಸ್ತ್ರಜ್ಞರು ಏನು ಮಾಡಬೇಕೆಂಬುದರಲ್ಲಿ ಮಾತ್ರ ಉತ್ತರ-ದಕ್ಷಿಣ. ಹೇಗೆ?

ಉತ್ತರ: ಒಂದು ಶೇಕಡಾವಾರು ಅವರ ನಡುವೆ ನಿಂತಿರುತ್ತದೆ: ಮುಂದಿನವರ ನಷ್ಟವನ್ನು ಇಂದಿನ ಲೆಕ್ಕಕ್ಕೆ ತರುವ ವಾರ್ಷಿಕ ಕಡಿತದ ದರ. ನೂರು ವರ್ಷದ ನಂತರ ಆಗುವ 1,00,000ದ ನಷ್ಟವನ್ನು ವರ್ಷಕ್ಕೆ ಶೇ 1.4ರಂತೆ ಕಡಿತ ಮಾಡಿದರೆ ಇಂದಿನ ಬೆಲೆ ಸುಮಾರು 25,000. ಶೇ 5ರಂತೆ ಮಾಡಿದರೆ ಸುಮಾರು 760. ನಿಕೋಲಸ್ ಸ್ಟರ್ನ್ 2006ರಲ್ಲಿ ಬ್ರಿಟನ್ ಸರ್ಕಾರಕ್ಕೆ ಕೊಟ್ಟ ವರದಿ ಶೇ 1.4ರ ಆಸುಪಾಸಿನ ದರ ಬಳಸಿ ಈಗಲೇ ದೊಡ್ಡ ಕ್ರಮ ಬೇಕೆಂದಿತು. ವಿಲಿಯಂ ನಾರ್ಡ್‌ಹೌಸ್ ಮುಂತಾದವರು ಹೆಚ್ಚಿನ ದರ ಹಿಡಿದು ನಿಧಾನವಾಗಿ ಏರುವ ಕ್ರಮ ಸಾಕೆಂದರು. ಇನ್ನೂ ಹುಟ್ಟದ ಮಗುವಿನ ನೋವಿಗೆ ನಮ್ಮ ನೋವಿನಷ್ಟೇ ತೂಕ ಕೊಡಬೇಕೇ ಎಂಬುದು ಇದರೊಳಗಿನ ಪ್ರಶ್ನೆ. ಯಾವ ಉಷ್ಣಮಾಪಕವೂ ಅದಕ್ಕೆ ಉತ್ತರ ಹೇಳದು. ಇಂಥ ಕಡೆ ‘ವಿಜ್ಞಾನ ಹೇಳುತ್ತದೆ’ ಎಂದು ಗದರಿಸುವವರು ತಮ್ಮ ಮೌಲ್ಯವನ್ನು ಅಂಕಿಯ ಹಿಂದೆ ಬಚ್ಚಿಡುತ್ತಿದ್ದಾರೆ. ನಮ್ಮ ಒಲವು ಕಡಿಮೆ ದರದ ಕಡೆಗಿದೆ, ಆದರೆ ಅದು ಒಲವು ಎಂದೇ ಹೇಳುತ್ತೇವೆ.

ಪ್ರಶ್ನೆ: ಒಂದು ಮಾತಿಗೆ ಉತ್ತರ ಕೊಡುವಷ್ಟರಲ್ಲಿ ಇನ್ನೊಂದಕ್ಕೆ ಹಾರುತ್ತಾರೆ. ಇಂಥವರೊಡನೆ ವಾದ ಮುಂದುವರಿಸುವುದು ಹೇಗೆ?

ಉತ್ತರ: ಅವರ ಮಾತನ್ನು ನೀವೇ ಬರೆದು, ‘ನೀವು ಹೇಳುತ್ತಿರುವುದು ಇದೇ ತಾನೆ?’ ಎಂದು ಒಪ್ಪಿಗೆ ಪಡೆಯಿರಿ. ಆ ವಾಕ್ಯದಲ್ಲಿ ನಾಲ್ಕು ಸಂಗತಿ ಇರಲಿ: ಯಾರಿಗೆ, ಎಷ್ಟು, ಯಾವಾಗಿನೊಳಗೆ, ಯಾವುದಕ್ಕೆ ಹೋಲಿಸಿದರೆ. ‘ವಿದ್ಯುತ್ ಕಾರು ಪರಿಸರಕ್ಕೆ ಕೆಟ್ಟದ್ದು’ ಎನ್ನುವುದನ್ನು ವಾದಿಸಲಾಗದು. ‘ಈಗಿನ ಜಾಲದಲ್ಲಿ 1 ಲಕ್ಷ ಕಿ.ಮೀ. ಓಡಿದರೂ ಇದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಹೆಚ್ಚು ಇಂಗಾಲ’ ಎನ್ನುವುದನ್ನು ಲೆಕ್ಕ ಹಾಕಬಹುದು. ಅವರು ಬೇರೆ ವಿಷಯಕ್ಕೆ ಹಾರಿದಾಗ ಅದನ್ನೂ ಕೆಳಗೆ ಬರೆದಿಟ್ಟು, ಮೊದಲಿನದು ಮುಗಿದ ಮೇಲೆ ತೆಗೆದುಕೊಳ್ಳೋಣ ಎನ್ನಿ.

ಬಳಿಕ, ಯಾವ ಸಂಖ್ಯೆ ಎಷ್ಟಾದರೆ ನಿಮ್ಮ ನಿಲುವು ಬದಲಾಗುತ್ತದೆ ಎಂದು ನೀವೇ ಮೊದಲು ಹೇಳಿ: ‘ಜಾಲದ ವಿದ್ಯುತ್ ಯುನಿಟ್ಟಿಗೆ 930 ಗ್ರಾಂ ದಾಟಿದ್ದರೆ ಲಕ್ಷ ಕಿಲೋಮೀಟರಿನೊಳಗೆ ಸಾಲ ತೀರದು, ನಿಮ್ಮ ಮಾತು ಒಪ್ಪುತ್ತೇನೆ. ನಿಮ್ಮ ಗಡಿ ಎಷ್ಟು?’ ಅವರು ಒಂದು ಗಡಿ ಹೇಳಿದರೆ ಇಬ್ಬರೂ ಸೇರಿ ಆ ಸಂಖ್ಯೆಯನ್ನು ಹುಡುಕಿ. ಯಾವ ಸಂಖ್ಯೆಗೂ ಬದಲಾಗುವುದಿಲ್ಲ ಎಂದರೆ, ಹಾಳೆ ಮಡಚಿ ಬೇರೆ ಮಾತು ತೆಗೆಯಿರಿ.